ಬೆಸುಗೆ ಬಿಟ್ಟಿದೆ, ಬೋರ್ಡು ಹೋಗಿಲ್ಲ



ವಾಲ್ವ್ ರೇಡಿಯೋ ಇದ್ದ ಮನೆಯಲ್ಲಿ ಬೆಳೆದವರಿಗೆ ಇದು ನೆನಪಿರಬೇಕು. ವಾರ್ತೆಯ ನಡುವೆ ಇದ್ದಕ್ಕಿದ್ದಂತೆ ಧ್ವನಿ ನಿಂತುಹೋಗುತ್ತಿತ್ತು. ಮನೆಯ ಯಜಮಾನರು ಎದ್ದು ಹೋಗಿ ಪೆಟ್ಟಿಗೆಯ ನೆತ್ತಿಗೆ ಒಂದು ಏಟು ಕೊಡುತ್ತಿದ್ದರು. ವಾರ್ತೆ ಮುಂದುವರಿಯುತ್ತಿತ್ತು. ಮಕ್ಕಳಿಗೆ ನಗು. ಆದರೆ ಆ ಏಟು ಬರೀ ಸಿಟ್ಟಿನದಾಗಿರಲಿಲ್ಲ. ಒಳಗೆ ವಾಲ್ವಿನ ಕಾಲುಗಳು ಸಾಕೆಟ್ಟಿನಲ್ಲಿ ಸಡಿಲಾಗಿರುತ್ತಿದ್ದವು. ಏಟಿಗೆ ಅವು ತುಸು ಜರುಗುತ್ತಿದ್ದವು. ಲೋಹಕ್ಕೆ ಲೋಹ ಮತ್ತೆ ತಾಗುತ್ತಿತ್ತು.

ಇವತ್ತು ನಾನು ಮಾತಾಡುವುದು ಲ್ಯಾಪ್‌ಟಾಪಿನ ಬಗ್ಗೆ. ದಯವಿಟ್ಟು ಅದಕ್ಕೆ ಏಟು ಕೊಡಬೇಡಿ. ಕಾಯಿಲೆ ಮಾತ್ರ ಅದೇ. ಎಂಟು ಹತ್ತು ವರ್ಷ ದುಡಿದ ಲ್ಯಾಪ್‌ಟಾಪು ಒಂದು ದಿನ ಆನ್ ಆಗುವುದಿಲ್ಲ. ಅಂಗಡಿಗೆ ಒಯ್ದರೆ ಒಂದೇ ಮಾತು: "ಬೋರ್ಡ್ ಹೋಗಿದೆ." ಆ ಮಾತು ಕೇಳಿದ ಮೇಲೆ ಅದು ಅಟ್ಟಕ್ಕೆ ಏರುತ್ತದೆ, ಇಲ್ಲವೇ ಗುಜರಿಗೆ ಹೋಗುತ್ತದೆ. ಪಾಲಿಟೆಕ್ನಿಕ್ಕಿನ ಇಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಬಹುಕಾಲ ಬೆಸುಗೆ ಕಲಿಸಿದವನು ನಾನು. ನನ್ನ ಅನುಭವ ಹೇಳುವುದಿಷ್ಟು. ಹಳೆಯ ಯಂತ್ರದಲ್ಲಿ ಮೊದಲು ಕೈಕೊಡುವುದು ಅದರ ಬುದ್ಧಿಯ ಭಾಗವಲ್ಲ, ಕೀಲು. ಬೋರ್ಡಿಗೆ ಬೇರೇನನ್ನೋ ಜೋಡಿಸುವ ಜಾಗ. ಆ ಕೀಲನ್ನು ನೋಡದೆ ಬೋರ್ಡು ಹೋಗಿದೆ ಅನ್ನಬಾರದು.

ಮೊದಲು ಈ ಬೋರ್ಡು ಹೇಗಿರುತ್ತದೆ ಎಂದು ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನ ತಳದ ಸ್ಕ್ರೂಗಳನ್ನು ಬಿಚ್ಚಿ ಮುಚ್ಚಳ ಎತ್ತಿದರೆ ಒಂದು ತೆಳ್ಳನೆಯ ಹಲಗೆ ಕಾಣುತ್ತದೆ. ಹಸಿರು, ನೀಲಿ ಅಥವಾ ಕಪ್ಪು ಬಣ್ಣ. ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಅಂಟು ಹಾಕಿ ಒತ್ತಿ ಮಾಡಿದ ಹಲಗೆ ಅದು. ಅದರೊಳಗೆ ತಾಮ್ರದ ಹಾಳೆಗಳು ಪದರ ಪದರವಾಗಿವೆ. ಹಲವು ಬೋರ್ಡುಗಳಲ್ಲಿ ಆರು, ಎಂಟು, ಹತ್ತು ಪದರ. ಆ ತಾಮ್ರದಲ್ಲೇ ದಾರಿಗಳನ್ನು ಕೊರೆದಿರುತ್ತಾರೆ. ತಂತಿ ಎಂಬುದು ಇಲ್ಲವೇ ಇಲ್ಲ.

ಈ ಹಲಗೆಗೆ ರೇಡಿಯೋ ಜೊತೆ ಹಳೆಯ ನಂಟಿದೆ. ಪಾಲ್ ಐಸ್ಲರ್ ಎಂಬ ಎಂಜಿನಿಯರ್. ಹುಟ್ಟಿದ್ದು ವಿಯೆನ್ನಾದಲ್ಲಿ. 1936ರಲ್ಲಿ ಇಂಗ್ಲೆಂಡಿಗೆ ಬಂದರು. ಲಂಡನ್ನಿನ ಬಾಡಿಗೆ ಮನೆಯಲ್ಲಿ ಕೂತು, ತಾಮ್ರದ ದಾರಿಗಳನ್ನು ಅಚ್ಚು ಹಾಕಿದ ಹಲಗೆಯ ಮೇಲೆ ಒಂದು ರೇಡಿಯೋ ಕಟ್ಟಿದರು. ಆಗ ಯಾರೂ ಅದನ್ನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹೊಡೆಯುವ ಗುಂಡುಗಳ ಒಳಗೆ ಸಣ್ಣ ರೇಡಿಯೋ ಸರ್ಕ್ಯೂಟು ಕೂರಿಸಬೇಕಾಗಿ ಬಂತು. ಆಗ ಅಚ್ಚು ಹಾಕಿದ ಸರ್ಕ್ಯೂಟಿನ ಬೆಲೆ ತಿಳಿಯಿತು. ಆಮೇಲೆ ಅದು ಪ್ರತಿಯೊಂದು ಪೆಟ್ಟಿಗೆಯ ಒಳಗೂ ಬಂತು. ತಂತಿಗಳ ಗೋಜಲು ಹೋಯಿತು. ಆದರೆ ಕೀಲುಗಳು ಹೋಗಲಿಲ್ಲ. ಹೇಗೆ ಹೋಗುತ್ತವೆ? ಚಾರ್ಜರು ಹೊರಗಿನಿಂದ ಬರಬೇಕು. ಕೀಬೋರ್ಡು ಬೇರೆ ಕಡೆ ತಯಾರಾಗುತ್ತದೆ. ಪರದೆ ಮುಚ್ಚಳದಲ್ಲಿದೆ. ಮೆಮೊರಿಯನ್ನು ಬೇಕೆಂದಾಗ ಬದಲಿಸಬೇಕು. ಹೀಗಾಗಿ ಬೋರ್ಡಿನ ಅಂಚಿಗೆಲ್ಲ ಹತ್ತಿಪ್ಪತ್ತು ಕನೆಕ್ಟರುಗಳು ಕೂತಿರುತ್ತವೆ. ನಮ್ಮ ಕೈ, ನಮ್ಮ ಗಾಳಿ, ನಮ್ಮ ಧೂಳು ಈ ಕನೆಕ್ಟರುಗಳ ಮೂಲಕವೇ ಯಂತ್ರವನ್ನು ಮುಟ್ಟುವುದು.

ಸರಿ. ಬೋರ್ಡು ಎಂದರೇನು, ಕೀಲು ಎಲ್ಲಿದೆ ಎಂದು ಗೊತ್ತಾಯಿತು. ಇನ್ನು ಅದು ಸಡಿಲಾಗುವುದು ಯಾಕೆ ಎಂದು ನೋಡೋಣ.

ಮೊದಲ ಕಾರಣ ಬಿಸಿ. ಲ್ಯಾಪ್‌ಟಾಪು ಆನ್ ಮಾಡಿದಾಗ ಕಾಯುತ್ತದೆ, ಆಫ್ ಮಾಡಿದಾಗ ತಣಿಯುತ್ತದೆ. ಕಾದ ವಸ್ತು ಹಿಗ್ಗುತ್ತದೆ. ತಾಮ್ರ ಒಂದು ಅಳತೆಯಲ್ಲಿ ಹಿಗ್ಗಿದರೆ ಹಲಗೆ ತನ್ನ ದಪ್ಪದ ದಿಕ್ಕಿನಲ್ಲಿ ಅದರ ಮೂರು ನಾಲ್ಕು ಪಟ್ಟು ಹಿಗ್ಗುತ್ತದೆ. ಹಲಗೆಯ ತೂತಿನಲ್ಲಿ ಕೂತ ಪಿನ್ನಿಗೂ ಅದರ ಸುತ್ತ ಇರುವ ಬೆಸುಗೆಗೂ ದಿನಕ್ಕೆ ಹಲವು ಸಲ ಈ ಎಳೆದಾಟ. ವರ್ಷಗಟ್ಟಲೆ ನಡೆದರೆ ಬೆಸುಗೆ ದಣಿಯುತ್ತದೆ. ಒಂದು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋಗಿ. ಕತ್ತರಿ ಇಲ್ಲದೆಯೇ ತುಂಡಾಗುತ್ತದಲ್ಲ? ಇಲ್ಲಿ ನಡೆಯುವುದೂ ಅದೇ ಕ್ರಿಯೆ, ಬಹಳ ನಿಧಾನವಾಗಿ.

ಎರಡನೆಯದು ನಮ್ಮ ಕೈ. ಚಾರ್ಜರಿನ ಪಿನ್ನು ಚುಚ್ಚಿಕೊಂಡೇ ಲ್ಯಾಪ್‌ಟಾಪನ್ನು ಮಂಚದಿಂದ ಮೇಜಿಗೆ ಒಯ್ಯುತ್ತೇವೆ. ತೊಡೆಯ ಮೇಲೆ ಇಟ್ಟುಕೊಂಡಾಗ ಪಿನ್ನು ಕಾಲಿಗೆ ಒತ್ತಿ ಬಾಗುತ್ತದೆ. ಮಗು ವೈರು ಎಡವುತ್ತದೆ. ಹೊರಗೆ ಚಾಚಿದ ಆ ಪಿನ್ನು ಒಂದು ಮೀಟುಗೋಲಿನ ಕೆಲಸ ಮಾಡುತ್ತದೆ. ಹೊರಗೆ ಸಣ್ಣ ಒತ್ತು, ಒಳಗೆ ಬೆಸುಗೆಯ ಮೇಲೆ ದೊಡ್ಡ ಒತ್ತು.

ಮೂರನೆಯದು ಗಾಳಿ. ಇದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾರವಾರ, ಮಲ್ಪೆ, ಮಂಗಳೂರು ಕಡೆ ತಾಮ್ರದ ಪಾತ್ರೆ ಬೇಗ ಕಿಲುಬು ಹಿಡಿಯುತ್ತದೆ. ಉಪ್ಪು ಮತ್ತು ತೇವ ಸೇರಿದ ಗಾಳಿ. ಅದೇ ಹಸಿರು ಕಿಲುಬು ಕನೆಕ್ಟರಿನ ಸಂದಿಯಲ್ಲೂ ಕೂರುತ್ತದೆ. ಮಳೆಗಾಲದ ಮೂರು ತಿಂಗಳು ಮುಚ್ಚಿಟ್ಟ ಲ್ಯಾಪ್‌ಟಾಪು ನವರಾತ್ರಿಗೆ ತೆಗೆದಾಗ ಎದ್ದೇಳದಿದ್ದರೆ ಮೊದಲ ಅನುಮಾನ ಅಲ್ಲಿಗೇ ಹೋಗಬೇಕು. ಒಣ ಸೀಮೆಯಲ್ಲೂ ಪೂರ್ತಿ ಬಿಡುಗಡೆ ಇಲ್ಲ. ತವರದ ಲೇಪ ಇರುವ ಎರಡು ಮೇಲ್ಮೈಗಳು ಫ್ಯಾನಿನ ಅದುರಿಗೆ ಒಂದಕ್ಕೊಂದು ಸದಾ ತೀಡುತ್ತಿರುತ್ತವೆ. ತೀಡಿದಲ್ಲಿ ಹೊಸ ಲೋಹ ತೆರೆದುಕೊಳ್ಳುತ್ತದೆ, ಅದಕ್ಕೆ ಆಕ್ಸೈಡು ಕಟ್ಟುತ್ತದೆ. ಮತ್ತೆ ತೀಡುತ್ತದೆ, ಮತ್ತೆ ಕಟ್ಟುತ್ತದೆ. ಕೊನೆಗೆ ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಕಪ್ಪು ಹುಡಿ. ವಿದ್ಯುತ್ತಿಗೆ ಅದೇ ಗೋಡೆ.

ಹೀಗೆ ಬಿಸಿ, ಕೈ, ಗಾಳಿ ಮೂರೂ ಸೇರಿ ಕೀಲನ್ನು ಸಡಿಲ ಮಾಡುತ್ತವೆ. ಎಲ್ಲಕ್ಕಿಂತ ಹೆಚ್ಚು ಹೊಡೆತ ತಿನ್ನುವುದು ಯಾವುದು? ಚಾರ್ಜಿಂಗ್ ಜ್ಯಾಕು. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ.

ಬೆಂಗಳೂರಿನ ಪುರಭವನದ ಹತ್ತಿರ ಎಸ್‌.ಪಿ. ರೋಡು ಇದೆ. ಇಲೆಕ್ಟ್ರಾನಿಕ್ಸ್ ಸಾಮಾನು ಬೇಕಾದವರೆಲ್ಲ ಹೋಗುವ ಬೀದಿ. ಅಲ್ಲಿ ಒಂದು ಮಹಡಿ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ನನಗೆ ಪರಿಚಯದ ಒಬ್ಬ ಹುಡುಗ ಲ್ಯಾಪ್‌ಟಾಪು ರಿಪೇರಿ ಮಾಡುತ್ತಾನೆ. ಒಂದು ದಿನ ನಾನು ಅಲ್ಲಿ ಕೂತಿದ್ದಾಗ ಒಬ್ಬ ಶಿಕ್ಷಕಿ ಬಂದರು. ಚೀಲದಿಂದ ಹಳೆಯ ಲ್ಯಾಪ್‌ಟಾಪು ತೆಗೆದಿಟ್ಟರು.

"ಬೋರ್ಡ್ ಹೋಗಿದೆ ಅಂದ್ರಪ್ಪ. ಏಳು ಸಾವಿರ ಆಗತ್ತೆ ಅಂದ್ರು."

"ಪೂರ್ತಿ ಆನೇ ಆಗಲ್ವಾ ಮೇಡಂ?"

"ವೈರ್ ಹಿಂಗೆ ಎತ್ತಿ ಹಿಡ್ಕೊಂಡ್ರೆ ಒಂದೊಂದ್ಸಲ ಆಗತ್ತೆ."

ಹುಡುಗ ನಕ್ಕ. "ಹೋಗಿದ್ದು ಹೋಗೇ ಇರತ್ತೆ ಮೇಡಂ. ಬಂದು ಬಂದು ಹೋಗ್ತಿದೆ ಅಂದ್ರೆ ಎಲ್ಲೋ ಲೂಸು."

ನಾನು ತರಗತಿಯಲ್ಲಿ ಒಂದು ಗಂಟೆ ತೆಗೆದುಕೊಂಡು ಹೇಳುತ್ತಿದ್ದುದನ್ನು ಅವನು ಎರಡು ವಾಕ್ಯದಲ್ಲಿ ಮುಗಿಸಿದ. ಕೇಳುಗರೇ, ರಿಪೇರಿಯ ಮೊದಲ ಪಾಠ ಇದು. ಸುಟ್ಟುಹೋದ ಚಿಪ್ಪು ವೈರು ಅಲ್ಲಾಡಿಸಿದರೆ ಜೀವ ತಾಳುವುದಿಲ್ಲ. ಅಲ್ಲಾಡಿಸಿದಾಗ ಬಂದು ಹೋಗುವ ದೋಷ ಬಹುಮಟ್ಟಿಗೆ ಕೀಲಿನದು.

ಅವನು ಮೊದಲು ಜ್ಯಾಕನ್ನು ಮುಟ್ಟಲಿಲ್ಲ. ಬೇರೆ ಚಾರ್ಜರು ಹಾಕಿ ನೋಡಿದ. ಇದು ಬಹಳ ಮುಖ್ಯ. ಎಷ್ಟೋ ಸಲ ತಪ್ಪು ಜ್ಯಾಕಿನದಲ್ಲ, ಚಾರ್ಜರಿನ ವೈರಿನದು. ಪಿನ್ನಿನ ಬುಡದಲ್ಲಿ, ರಬ್ಬರು ಕತ್ತಿನ ಒಳಗೆ, ತಂತಿಯ ಎಳೆಗಳು ತುಂಡಾಗಿರುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಇನ್ನೊಂದು ಗುರುತೂ ಇದೆ. ಪಿನ್ನು ಚುಚ್ಚಿದ ತಕ್ಷಣ ಚಾರ್ಜರಿನ ಮೇಲಿನ ಪುಟ್ಟ ದೀಪವೇ ಆರಿಹೋದರೆ ಅದು ಸಡಿಲವಲ್ಲ. ಒಳಗೆಲ್ಲೋ ಶಾರ್ಟು ಆಗಿದೆ. ಅದು ಬೇರೆಯೇ ಕಾಯಿಲೆ, ಇವತ್ತಿನ ಮಾತಿಗೆ ಸೇರಿದ್ದಲ್ಲ.

ಬೇರೆ ಚಾರ್ಜರಿಗೂ ಅದೇ ಆಟ. ಆಮೇಲೆ ಮುಚ್ಚಳ ಬಿಚ್ಚಿದ. ಮೊದಲು ಬ್ಯಾಟರಿಯ ಕನೆಕ್ಟರು ಕಳಚಿದ. ಈ ಕ್ರಮ ತಪ್ಪಬಾರದು. ಬ್ಯಾಟರಿ ಸಿಕ್ಕಿಸಿಕೊಂಡೇ ಬೋರ್ಡಿನ ಮೇಲೆ ಸ್ಕ್ರೂಡ್ರೈವರು ಜಾರಿದರೆ ನಿಜವಾಗಿಯೂ ಬೋರ್ಡು ಹೋಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಅದನ್ನು ಒತ್ತಬಾರದು, ಚುಚ್ಚಬಾರದು.

ಈಗ ಮಲ್ಟಿಮೀಟರು. ಅದನ್ನು ಬೀಪ್ ಮಾಡುವ ಕಡೆಗೆ ತಿರುಗಿಸಿದ. ಒಂದು ಮುಳ್ಳು ಜ್ಯಾಕಿನ ಒಳಗಿನ ಪಿನ್ನಿಗೆ, ಇನ್ನೊಂದು ಬೋರ್ಡಿನಲ್ಲಿ ಆ ದಾರಿ ತಲುಪುವ ಜಾಗಕ್ಕೆ. ಕೀ ಎಂದು ಕೂಗಿತು. ಎಡಗೈ ಬೆರಳಿನಿಂದ ಜ್ಯಾಕನ್ನು ಸ್ವಲ್ಪ ಅಲ್ಲಾಡಿಸಿದ. ಕೀ, ಕಿ, ಕಿ, ಮೌನ, ಮತ್ತೆ ಕೀ. ಎಡೆಬಿಡದೆ ಕೂಗಬೇಕಾದದ್ದು ಬಿಕ್ಕುತ್ತಿತ್ತು. "ಕೇಳಿಸ್ತಾ ಮೇಡಂ? ಡ್ರೈ ಸೋಲ್ಡರ್" ಎಂದ.

ಬೋರ್ಡು ತಿರುಗಿಸಿ ಭೂತಗನ್ನಡಿಯಲ್ಲಿ ತೋರಿಸಿದ. ಜ್ಯಾಕಿನ ಕಾಲುಗಳು ಹಲಗೆಯ ಇನ್ನೊಂದು ಮಗ್ಗುಲಿಗೆ ಬಂದು ಬೆಸುಗೆಯ ಪುಟ್ಟ ಗುಡ್ಡೆಗಳಲ್ಲಿ ಮುಗಿಯುತ್ತವೆ. ಸರಿಯಾದ ಗುಡ್ಡೆ ನುಣ್ಣಗಿರುತ್ತದೆ, ಸುತ್ತಲೂ ತಾಮ್ರಕ್ಕೆ ಇಳಿಜಾರಾಗಿ ಅಂಟಿರುತ್ತದೆ. ಇಲ್ಲಿ ಒಂದು ಗುಡ್ಡೆಯ ಮಧ್ಯೆ, ಕಾಲಿನ ಸುತ್ತ, ಒಂದು ಕಪ್ಪು ಉಂಗುರ. ಕೂದಲಿಗಿಂತ ತೆಳ್ಳಗಿನ ಬಿರುಕು. ಏಳು ಸಾವಿರದ ಬಿರುಕು ಅದು.

ಇಷ್ಟು ಚಿಕ್ಕ ಬಿರುಕು ಇಷ್ಟು ತೊಂದರೆ ಕೊಡುತ್ತದೆಯೇ ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ಲೆಕ್ಕ ಹಾಕೋಣ. ಸಾಮಾನ್ಯ ಲ್ಯಾಪ್‌ಟಾಪು ಚಾರ್ಜರು 65 ವ್ಯಾಟಿನದು, ಸುಮಾರು 19 ವೋಲ್ಟು. ಅಂದರೆ ಜ್ಯಾಕಿನ ಮೂಲಕ ಹರಿಯುವುದು ಸುಮಾರು ಮೂರೂವರೆ ಆಂಪಿಯರು. ಬಿರುಕಿನಿಂದ ಅಲ್ಲಿ ಬರೀ ಅರ್ಧ ಓಮಿನ ತಡೆ ಹುಟ್ಟಿತು ಎಂದಿಟ್ಟುಕೊಳ್ಳಿ. ಆ ಒಂದು ಜಾಗದಲ್ಲಿ ಆರು ವ್ಯಾಟಿನಷ್ಟು ಶಾಖ. ಒಂದು ಸಣ್ಣ ಕೋಣೆಗೆ ಬೆಳಕು ಕೊಡುವ ಎಲ್‌ಇಡಿ ಬಲ್ಬು ತಿನ್ನುವಷ್ಟು ವಿದ್ಯುತ್ತು ಒಂದು ಪಿನ್ನಿನ ಬುಡದಲ್ಲಿ ಉರಿಯುತ್ತದೆ. ಬಿಸಿಗೆ ಆಕ್ಸೈಡು ಹೆಚ್ಚುತ್ತದೆ. ಆಕ್ಸೈಡು ಹೆಚ್ಚಿದರೆ ತಡೆ ಹೆಚ್ಚು. ತಡೆ ಹೆಚ್ಚಿದರೆ ಬಿಸಿ ಹೆಚ್ಚು. ಜ್ಯಾಕಿನ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗುತ್ತದೆ. ಆದ್ದರಿಂದ ವೈರನ್ನು ಒಂದು ಕೋನದಲ್ಲಿ ಎತ್ತಿ ಹಿಡಿದು, ಕೆಳಗೆ ಪುಸ್ತಕ ಇಟ್ಟು, ರಬ್ಬರ್ ಬ್ಯಾಂಡು ಸುತ್ತಿ ತಿಂಗಳುಗಟ್ಟಲೆ ನಡೆಸಬೇಡಿ. ಇಂಥ ಉಪಾಯವನ್ನು ನಮ್ಮಲ್ಲಿ ಜಾಣತನ ಎನ್ನುತ್ತಾರೆ. ಅಷ್ಟು ಹೊತ್ತೂ ಒಳಗೆ ಹಲಗೆ ಬೇಯುತ್ತಿರುತ್ತದೆ.

ಇಲ್ಲಿಯವರೆಗೆ ದೋಷ ಹುಡುಕಿದ್ದಾಯಿತು. ಚಾರ್ಜರು ಬದಲಿಸಿ ನೋಡಿದ್ದು, ಬ್ಯಾಟರಿ ಕಳಚಿದ್ದು, ಬೀಪು ಕೇಳಿದ್ದು, ಬಿರುಕು ಕಂಡದ್ದು. ಇನ್ನು ರಿಪೇರಿ.

ಒಂದು ಮಾತು ಮೊದಲೇ ಹೇಳುತ್ತೇನೆ. ಎಲ್ಲ ಜ್ಯಾಕುಗಳೂ ಬೋರ್ಡಿಗೆ ಬೆಸೆದಿರುವುದಿಲ್ಲ. ಹಲವು ಲ್ಯಾಪ್‌ಟಾಪುಗಳಲ್ಲಿ ಜ್ಯಾಕಿಗೆ ಗೇಣುದ್ದದ ವೈರಿದ್ದು, ಅದರ ತುದಿ ಬೋರ್ಡಿಗೆ ಸಿಕ್ಕಿಸಿರುತ್ತದೆ. ಅಂಥದ್ದನ್ನು ಹಳೆಯದು ಕಿತ್ತು ಹೊಸದು ಹಾಕಿದರೆ ಮುಗಿಯಿತು, ಬೆಸುಗೆಯ ಮಾತೇ ಇಲ್ಲ. ಕಷ್ಟ ಇರುವುದು ನೇರವಾಗಿ ಬೋರ್ಡಿಗೆ ಬೆಸೆದ ಜ್ಯಾಕಿನಲ್ಲಿ.

ಆ ಕಷ್ಟ ಏನೆಂದು ನನ್ನ ವಿದ್ಯಾರ್ಥಿಗಳಿಗೆ ತಿಳಿಯುತ್ತಿದ್ದುದು ಕೈಯಿಟ್ಟ ಮೇಲೆಯೇ. ಮನೆಯಲ್ಲಿ, ಐಟಿಐ ಲ್ಯಾಬಿನಲ್ಲಿ ಇರುವುದು ಸಾಮಾನ್ಯವಾಗಿ 25 ವ್ಯಾಟಿನ ಸೋಲ್ಡರಿಂಗ್ ಐರನ್. ರೇಡಿಯೋ ಕಿಟ್ಟಿಗೆ ಅದು ಸಾಕು. ಲ್ಯಾಪ್‌ಟಾಪು ಬೋರ್ಡಿಗೆ ಸಾಲದು. ಜ್ಯಾಕಿನ ಗ್ರೌಂಡ್ ಪಿನ್ನು ಒಳಗಿನ ಅಗಲವಾದ ತಾಮ್ರದ ಹಾಳೆಗೆ ಕೂಡಿಕೊಂಡಿರುತ್ತದೆ. ಐರನ್ ಇಟ್ಟ ಶಾಖವೆಲ್ಲ ಆ ಹಾಳೆಗೆ ಹರಿದುಹೋಗುತ್ತದೆ. ಬೆಸುಗೆ ಕರಗುವುದೇ ಇಲ್ಲ. ಹುಡುಗರು ಇನ್ನೂ ಒತ್ತುತ್ತಾರೆ, ಇನ್ನೂ ಹೊತ್ತು ಹಿಡಿಯುತ್ತಾರೆ. ಬೆಸುಗೆ ಕರಗುವ ಮೊದಲು, ಹಲಗೆಗೆ ತಾಮ್ರದ ಉಂಗುರವನ್ನು ಹಿಡಿದಿದ್ದ ಅಂಟು ಸೋಲುತ್ತದೆ. ಉಂಗುರ ಎದ್ದುಬರುತ್ತದೆ. ಅದನ್ನು ಪ್ಯಾಡ್ ಎದ್ದಿತು ಎನ್ನುತ್ತಾರೆ. ಅಲ್ಲಿಗೆ ನೂರು ರೂಪಾಯಿಯ ಕೆಲಸ ಸಾವಿರದ್ದಾಯಿತು. ಸಣ್ಣ ತಂತಿ ಎಳೆದು ಜಂಪರ್ ಹಾಕಬೇಕು.

ಹಾಗಾದರೆ ಬಲ್ಲವರು ಏನು ಮಾಡುತ್ತಾರೆ? ಐರನ್ನಿನ ಶಕ್ತಿ ಹೆಚ್ಚಿರುತ್ತದೆ, ಹಿಡಿಯುವ ಹೊತ್ತು ಕಡಿಮೆ. ಅರವತ್ತು ವ್ಯಾಟಿನ, ಬಿಸಿಯನ್ನು ಹಿಡಿತದಲ್ಲಿಡುವ ಸ್ಟೇಷನ್ನು, ತುದಿಯಲ್ಲಿ ಸುಮಾರು 350 ಡಿಗ್ರಿ. ಎಸ್‌.ಪಿ. ರೋಡಿನ ಹುಡುಗ ಮೊದಲು ಆ ಗುಡ್ಡೆಗಳ ಮೇಲೆ ಧಾರಾಳವಾಗಿ ಫ್ಲಕ್ಸು, ಅಂದರೆ ಬೆಸುಗೆ ಹರಿದು ಅಂಟಲು ನೆರವಾಗುವ ರಾಳ, ಹಚ್ಚಿದ. ಪೈನ್ ಮರದ ರಾಳದ ವಾಸನೆ ಅಂಗಡಿ ತುಂಬಿತು. ಆಮೇಲೆ ಮಾಡಿದ ಕೆಲಸ ನೋಡಿ ಶಿಕ್ಷಕಿಗೆ ಆಶ್ಚರ್ಯ. ಹಳೆಯ ಬೆಸುಗೆ ತೆಗೆಯಬೇಕಾದವನು ಅದರ ಮೇಲೆ ಇನ್ನಷ್ಟು ಹೊಸ ಬೆಸುಗೆ ಹಾಕಿದ.

ಯಾಕೆ ಎಂದರೆ, ಇದಕ್ಕೆ ಒಂದು ಕಾನೂನಿನ ಕಥೆ ಇದೆ. ಹಿಂದೆ ಬೆಸುಗೆ ಎಂದರೆ ತವರ ಮತ್ತು ಸೀಸದ ಮಿಶ್ರಣ. ಕರಗಲು ಸುಮಾರು 180 ಡಿಗ್ರಿ ಸಾಕು. ಸೀಸ ವಿಷ. ಗುಜರಿಗೆ ಹೋದ ಬೋರ್ಡುಗಳಿಂದ ಅದು ಮಣ್ಣಿಗೆ, ನೀರಿಗೆ ಸೇರುತ್ತದೆ. ಆದ್ದರಿಂದ ಐರೋಪ್ಯ ಒಕ್ಕೂಟ 2006ರ ಜುಲೈನಿಂದ ಇಲೆಕ್ಟ್ರಾನಿಕ್ಸ್ ಸಾಮಾನಿನಲ್ಲಿ ಸೀಸಕ್ಕೆ ಕಟ್ಟುನಿಟ್ಟಾದ ಮಿತಿ ಹಾಕಿತು. 2012ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳೂ ಅದೇ ದಾರಿ ಹಿಡಿದವು. ಕಂಪನಿಗಳು ತವರಕ್ಕೆ ಸ್ವಲ್ಪ ಬೆಳ್ಳಿ, ಸ್ವಲ್ಪ ತಾಮ್ರ ಬೆರೆಸಿದ ಬೆಸುಗೆಗೆ ಬಂದವು. ಅದು ಕರಗಲು ಸುಮಾರು 220 ಡಿಗ್ರಿ ಬೇಕು. ಸೀಸದ ಬೆಸುಗೆಗಿಂತ ಸ್ವಲ್ಪ ಗಡಸು, ಏಟಿಗೆ ಅಷ್ಟು ಬಾಗುವುದಿಲ್ಲ. ಸೀಸ ಬಿಟ್ಟದ್ದು ಸರಿಯೇ. ಅದಕ್ಕೆ ನನ್ನ ತಕರಾರಿಲ್ಲ. ರಿಪೇರಿಯವನಿಗೆ ಮಾತ್ರ ಕೆಲಸ ಬಿಗಿಯಾಯಿತು.

ಈಗ ಆ ಹುಡುಗನ ಉಪಾಯ ನಿಮಗೆ ಅರ್ಥವಾಗಿರಬೇಕು. ಸೀಸ ಇರುವ ಹೊಸ ಬೆಸುಗೆಯನ್ನು ಹಳೆಯದರೊಳಗೆ ಕರಗಿಸಿ ಬೆರೆಸಿದ. ಮಿಶ್ರಣ ಕಡಿಮೆ ಬಿಸಿಗೇ ಕರಗುತ್ತದೆ. ಹಲಗೆಗೆ ನೋವು ಕಡಿಮೆ. ಕೆಳಗಿನಿಂದ ಬಿಸಿಗಾಳಿ ಕೊಟ್ಟು ಇಡೀ ಬೋರ್ಡನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡ. ಒಂದೊಂದೇ ಕಾಲು ಕರಗಿದಾಗ ಸ್ಪ್ರಿಂಗ್ ಪಂಪಿನಿಂದ ಹೀರಿದ. ಟಪ್, ಟಪ್ ಎಂದು ಸದ್ದು. ಉಳಿದದ್ದನ್ನು ತಾಮ್ರದ ಹೆಣೆದ ಪಟ್ಟಿಗೆ ಹೀರಿಸಿದ. ಜ್ಯಾಕು ಎಳೆಯದೆಯೇ ಕೈಗೆ ಬಂತು. ತೂತುಗಳು ಸ್ವಚ್ಛ. ಪ್ಯಾಡುಗಳೆಲ್ಲ ಇದ್ದಲ್ಲೇ ಇದ್ದವು.

ಹಳೆಯ ಜ್ಯಾಕನ್ನೇ ಮತ್ತೆ ಬೆಸೆಯಬಹುದಿತ್ತಲ್ಲ ಎಂದು ಕೇಳಬಹುದು. ಬೆಸುಗೆ ಮಾತ್ರ ಬಿರುಕು ಬಿಟ್ಟಿದ್ದರೆ ಸಾಕು. ಒಳಗಿನ ಪಿನ್ನೇ ಅಲ್ಲಾಡುತ್ತಿದ್ದರೆ, ಪ್ಲಾಸ್ಟಿಕ್ಕು ಕಂದಿದ್ದರೆ ಬದಲಿಸುವುದೇ ಸರಿ. ಇಲ್ಲಿ ಎರಡೂ ಆಗಿತ್ತು. ಹೊಸ ಜ್ಯಾಕು ಕೂರಿಸಿ ಬೆಸೆದ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು ಅದ್ದಿ ಫ್ಲಕ್ಸಿನ ಜಿಡ್ಡು ತೊಳೆದ. ಮತ್ತೆ ಮಲ್ಟಿಮೀಟರು. ಜ್ಯಾಕು ಅಲ್ಲಾಡಿಸಿದರೂ ಬೀಪು ಎಡೆಬಿಡದೆ ಕೂಗಿತು. ಆಮೇಲೆ ಪ್ಲಸ್ಸಿಗೂ ಗ್ರೌಂಡಿಗೂ ಹಿಡಿದ. ಅಲ್ಲಿ ಅದು ಕೂಗಬಾರದು. ಕೂಗಲಿಲ್ಲ. ಮೊದಲು ಬ್ಯಾಟರಿ ಇಲ್ಲದೆ ಚಾರ್ಜರು ಕೊಟ್ಟ. ಪರದೆ ಬೆಳಗಿತು. "ಚಹಾ ಕುಡೀರಿ ಮೇಡಂ, ಅರ್ಧ ಗಂಟೆ ಓಡ್ಲಿ" ಎಂದ.

ಅವಸರದ ಅಂಗಡಿಗಳಲ್ಲಿ ಹೀಗೆ ನಡೆಯುವುದಿಲ್ಲ. ಬಿರುಕಿನ ಮೇಲೆ ಐರನ್ ಒಮ್ಮೆ ತಾಗಿಸಿ, ಸ್ವಲ್ಪ ಬೆಸುಗೆ ಮೆತ್ತಿ ಕಳಿಸುತ್ತಾರೆ. ಒಳಗಿನ ಆಕ್ಸೈಡು ಅಲ್ಲೇ ಉಳಿಯುತ್ತದೆ. ಕೆಲವೇ ತಿಂಗಳಲ್ಲಿ ಬಿರುಕು ಮತ್ತೆ ಬಾಯಿ ಬಿಡುತ್ತದೆ. ಆಗ ಮತ್ತದೇ ಮಾತು, ಬೋರ್ಡ್ ಹೋಗಿದೆ.

ಜ್ಯಾಕಿನ ಕಥೆ ಹೇಳಿದ್ದಾಯಿತು. ಅದು ಬಲ್ಲವರ ಕೈಗೆ ಕೊಡಬೇಕಾದ ಕೆಲಸ. ಇನ್ನು ಮನೆಯಲ್ಲೇ ಸರಿಮಾಡಬಹುದಾದ ಕೀಲುಗಳಿಗೆ ಬರೋಣ. ಇವಕ್ಕೆ ಬೆಸುಗೆ ಬೇಡ.

ಲ್ಯಾಪ್‌ಟಾಪು ಆನ್ ಮಾಡಿದಾಗ ಪರದೆ ಕಪ್ಪು, ಆದರೆ ಒಳಗಿನಿಂದ ಬೀಪ್, ಬೀಪ್ ಎಂದು ಮತ್ತೆ ಮತ್ತೆ ಸದ್ದು ಬರುತ್ತಿದೆಯೇ? ಹಲವು ಹಳೆಯ ಲ್ಯಾಪ್‌ಟಾಪುಗಳಲ್ಲಿ ಅದು ಮೆಮೊರಿ ಸಿಗುತ್ತಿಲ್ಲ ಎಂಬ ದೂರು. ತಳದ ಮುಚ್ಚಳ ತೆಗೆದರೆ ರ್‍ಯಾಮ್ ಪಟ್ಟಿ ಓರೆಯಾಗಿ ಕೂತಿರುತ್ತದೆ. ಎರಡು ಪಕ್ಕದ ಕೊಂಡಿಗಳನ್ನು ಹೊರಕ್ಕೆ ಸರಿಸಿದರೆ ಅದು ತಾನೇ ಮೇಲೇಳುತ್ತದೆ. ಅದರ ಅಂಚಿನಲ್ಲಿ ಇನ್ನೂರಕ್ಕೂ ಹೆಚ್ಚು ಚಿನ್ನದ ಗೆರೆಗಳು. ನಿಜವಾದ ಚಿನ್ನವೇ. ಚಿನ್ನ ತುಕ್ಕು ಹಿಡಿಯದು ಎಂದೇ ಲೇಪ ಹಾಕಿರುವುದು. ಹೊರಗೆ ತೆಗೆದು, ಆಲ್ಕೋಹಾಲು ಅದ್ದಿದ ಮೆದು ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಓರೆಯಾಗಿ ತಳ್ಳಿ ಕೆಳಗೆ ಒತ್ತಿ. ಕೊಂಡಿ ಟಕ್ ಎನ್ನಬೇಕು. ಎಷ್ಟೋ ಸಲ ಅಷ್ಟರಿಂದಲೇ ಯಂತ್ರ ಏಳುತ್ತದೆ.

ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಪದ್ಧತಿ ಎಲ್ಲ ಕಡೆ ಇದೆ. ನನಗೆ ಅದು ಇಷ್ಟವಿಲ್ಲ. ಚಿನ್ನದ ಲೇಪ ಒಂದು ಮೈಕ್ರಾನಿಗಿಂತ ತೆಳು. ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನು. ಉಜ್ಜಿದಷ್ಟೂ ಚಿನ್ನ ಸವೆದು ಒಳಗಿನ ನಿಕ್ಕಲ್ಲು ಹೊರಬೀಳುತ್ತದೆ. ಬೇರೆ ದಾರಿಯೇ ಇಲ್ಲದಾಗ ಒಂದು ಸಲ, ಹಗುರವಾಗಿ ಉಜ್ಜಿ. ಅದನ್ನು ವಾಡಿಕೆ ಮಾಡಿಕೊಳ್ಳಬೇಡಿ.

ಇನ್ನೊಂದು ಕೀಲು ರಿಬ್ಬನ್ ಕೇಬಲ್ಲಿನದು. ಕೀಬೋರ್ಡಿನ ಒಂದು ಸಾಲು ಅಕ್ಷರ ಬರುತ್ತಿಲ್ಲ, ಟಚ್‌ಪ್ಯಾಡು ಆಗಾಗ ಸತ್ತುಹೋಗುತ್ತದೆ ಎಂದರೆ ಇದನ್ನು ನೋಡಬೇಕು. ಕಾಗದದಂಥ ಚಪ್ಪಟೆ ಪಟ್ಟಿ ಒಂದು ತೆಳ್ಳನೆಯ ಸಾಕೆಟ್ಟಿನೊಳಗೆ ಹೋಗಿರುತ್ತದೆ. ಸಾಕೆಟ್ಟಿನ ಮೇಲೆ ಕಪ್ಪು ಅಥವಾ ಕಂದು ಬಣ್ಣದ ಒಂದು ಪಟ್ಟಿ. ಅದೇ ಚಿಲಕ. ಉಗುರಿನಿಂದ ಮೆಲ್ಲಗೆ ಮೇಲೆತ್ತಬೇಕು. ಆಗ ಕೇಬಲ್ಲು ಎಳೆಯದೆಯೇ ಬರುತ್ತದೆ. ಕೆಲವದರಲ್ಲಿ ಎತ್ತುವ ಬದಲು ಮುಂದಕ್ಕೆ ಜಾರಿಸಬೇಕು. ಯಾವುದು ಎಂದು ಕೈಯಿಡುವ ಮೊದಲೇ ನೋಡಿಕೊಳ್ಳಿ. ಚಿಲಕ ತೆಗೆಯದೆ ಕೇಬಲ್ಲು ಎಳೆದವರು ಬಹಳ ಮಂದಿ. ಚಿಲಕವೇ ಮುರಿಯುತ್ತದೆ. ಮುರಿದರೂ ದಾರಿ ಇದೆ. ಜೇನಿನ ಬಣ್ಣದ, ಬಿಸಿ ತಡೆಯುವ ಕ್ಯಾಪ್ಟಾನ್ ಟೇಪು ಸಿಗುತ್ತದೆ. ಅದರ ಒಂದೆರಡು ಪದರವನ್ನು ಕೇಬಲ್ಲಿನ ತುದಿಯ ಹಿಂಬದಿಗೆ, ಗೆರೆಗಳಿಲ್ಲದ ಮಗ್ಗುಲಿಗೆ ಅಂಟಿಸಿದರೆ ಅದು ದಪ್ಪವಾಗಿ ಸಾಕೆಟ್ಟಿನಲ್ಲಿ ಬಿಗಿಯಾಗಿ ಕೂರುತ್ತದೆ. ನೋಡಲು ಚೆಂದವಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ.

ಇಂಥ ಸಾಕೆಟ್ಟುಗಳನ್ನು ಪದೇ ಪದೇ ಬಿಚ್ಚಲು ಮಾಡಿದ್ದಲ್ಲ. ತಯಾರಕರೇ ಇವಕ್ಕೆ ಬರೆದಿರುವ ಆಯುಸ್ಸು ಬಹುಪಾಲು ಇಪ್ಪತ್ತು ಮೂವತ್ತು ಸಲ. ಹಳೆಯ ಚಪ್ಪಟೆ ಯುಎಸ್‌ಬಿಗೆ ಸುಮಾರು 1,500 ಸಲ. ಈಗಿನ ಟೈಪ್-ಸಿಗೆ 10,000. ಆದ್ದರಿಂದ ಕುತೂಹಲಕ್ಕೆಂದು ವಾರಕ್ಕೊಮ್ಮೆ ಮುಚ್ಚಳ ಬಿಚ್ಚಿ ಕೇಬಲ್ಲು ಕಳಚುವವರು ಆ ಲೆಕ್ಕ ನೆನಪಿಡಲಿ. ಟೈಪ್-ಸಿ ಬಂದ ಮೇಲೆ ಚಾರ್ಜಿಂಗ್ ಜ್ಯಾಕಿನ ಗೋಳು ತಪ್ಪಿತೇ ಎಂದರೆ, ಅರ್ಧ ತಪ್ಪಿತು. ಬಾಳಿಕೆ ಹೆಚ್ಚು, ಒಂದೇ ಚಾರ್ಜರು ಹಲವಕ್ಕೆ ಆಗುತ್ತದೆ. ಆದರೆ ಒಳಗೆ 24 ಪುಟ್ಟ ಸಂಪರ್ಕಗಳು. ಅವುಗಳ ಬೆಸುಗೆ ಬಿಟ್ಟರೆ ಅದು ಐರನ್ ಹಿಡಿದು ಕೂರುವ ಕೆಲಸವಲ್ಲ, ಬಿಸಿಗಾಳಿ ಮತ್ತು ಮೈಕ್ರೋಸ್ಕೋಪು ಬೇಕು.

ಮನೆಯಲ್ಲಿ ಮಾಡಬಹುದಾದದ್ದು ರ್‍ಯಾಮ್ ಮತ್ತು ರಿಬ್ಬನ್ ಎಂದಾಯಿತು. ಇನ್ನು ಯಾರೂ ಮಾಡಬಾರದ್ದು.

ಸಡಿಲ ಜ್ಯಾಕಿಗೆ ಫೆವಿಕ್ವಿಕ್ ಥರದ ಅಂಟು ಹಾಕಬೇಡಿ. ಅದರ ಆವಿ ಪಕ್ಕದ ಲೋಹದ ಮೇಲೆಲ್ಲ ಬಿಳಿ ಪೊರೆಯಾಗಿ ಕೂರುತ್ತದೆ. ಆ ಪೊರೆ ವಿದ್ಯುತ್ತನ್ನು ಬಿಡುವುದಿಲ್ಲ. ಮುಂದೆ ಬಿಚ್ಚುವವನು ಪ್ಯಾಡು ಸಮೇತ ಕೀಳಬೇಕಾಗುತ್ತದೆ. ಬೋರ್ಡನ್ನು ಅಡುಗೆಮನೆಯ ಓವನ್ನಿನಲ್ಲಿಟ್ಟು ಕಾಯಿಸಿದರೆ ಬೆಸುಗೆ ತಾನೇ ಕೂಡುತ್ತದೆ ಎಂದು ಹೇಳುವವರಿದ್ದಾರೆ. ಹಾಗೆ ಮಾಡಿದ ಕೆಲವು ಬೋರ್ಡು ನಾಲ್ಕು ದಿನ ನಡೆಯುವುದೂ ಉಂಟು. ಅದು ವಾಸಿಯಾದದ್ದಲ್ಲ. ಬಿಸಿಗೆ ಹಿಗ್ಗಿ ಬಿರುಕು ತಾತ್ಕಾಲಿಕವಾಗಿ ತಾಗಿದ್ದು. ಕಾದ ಪ್ಲಾಸ್ಟಿಕ್ಕು, ಫ್ಲಕ್ಸು, ಬೆಸುಗೆಯ ಹೊಗೆ ನಾಳೆ ನೀವು ಬ್ರೆಡ್ಡು ಬೇಯಿಸುವ ಪೆಟ್ಟಿಗೆಯಲ್ಲಿ. ಬೇಡವೇ ಬೇಡ. ಬೆಸುಗೆ ಕಲಿಯುತ್ತಿರುವ ಮಕ್ಕಳಿಗೂ ಒಂದು ಮಾತು. ರಾಳದ ಹೊಗೆ ವಾಸನೆಗೆ ಹಿತ, ಶ್ವಾಸಕ್ಕೆ ಹಿತವಲ್ಲ. ಕೆಲವರಿಗೆ ಅದರಿಂದ ಅಸ್ತಮಾ ಬರುತ್ತದೆ. ಕಿಟಕಿ ತೆರೆದಿಡಿ, ಫ್ಯಾನು ಹೊಗೆಯನ್ನು ಮುಖದಿಂದ ಆಚೆ ಎಳೆಯಲಿ. ಸೀಸದ ತಂತಿ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪು ಹಾಕಿ ತೊಳೆಯಿರಿ.

ಇಷ್ಟೆಲ್ಲ ಹಳೆಯ ಯಂತ್ರಕ್ಕೆ ಯಾಕೆ ಎಂದು ಕೇಳುವವರಿದ್ದಾರೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಆಗ ಚೆನ್ನಾಗಿ ನಡೆಯುತ್ತಿದ್ದ ಲ್ಯಾಪ್‌ಟಾಪುಗಳೂ ಮೂಲೆ ಸೇರಿದವು. ಅವುಗಳಲ್ಲಿ ಬಹುಪಾಲು ಲಿನಕ್ಸ್ ಹಾಕಿದರೆ ಮಕ್ಕಳ ಪಾಠಕ್ಕೆ, ಕನ್ನಡ ಟೈಪಿಂಗಿಗೆ, ಅಂಗಡಿಯ ಲೆಕ್ಕಕ್ಕೆ ಧಾರಾಳವಾಗಿ ಸಾಕು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗೆಂದು ಒಂದು ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ನನ್ನ ಪ್ರಕಾರ ಅದಕ್ಕಿಂತ ಹೆಚ್ಚು ಬೇಕಿರುವುದು ಆ ಮಹಡಿ ಮೆಟ್ಟಿಲ ಕೆಳಗಿನ ಹುಡುಗನಂಥವರು. ಬೋರ್ಡು ಬದಲಿಸಿ ಕಮಿಷನ್ ಪಡೆಯುವವರಿಗೆ ಬೆಲೆ ಇದೆ. ಅರ್ಧ ದಿನ ಕೂತು ಬಿರುಕು ಹುಡುಕುವವನಿಗೆ ನಾವು ಕೊಡುವುದು ಕೆಲವು ನೂರು ರೂಪಾಯಿ, ಅದರಲ್ಲೂ ಚೌಕಾಸಿ. ಎಲ್ಲ ರಿಪೇರಿಯೂ ಲಾಭ ಎಂದು ನಾನು ಹೇಳುತ್ತಿಲ್ಲ. ನೀರು ಬಿದ್ದು ತಿಂಗಳುಗಟ್ಟಲೆ ಕಿಲುಬು ತಿಂದ ಬೋರ್ಡು, ಒಳಪದರ ಸುಟ್ಟ ಬೋರ್ಡು ಇವನ್ನು ಬಿಟ್ಟುಬಿಡುವುದೇ ಜಾಣತನ. ಅವನ್ನು ತೂಕಕ್ಕೆ ಕೊಳ್ಳುವ ಗುಜರಿಗೆ ಕೊಡದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಕೊನೆಯದಾಗಿ, ಅಂಗಡಿಗೆ ಒಯ್ಯುವವರು ಮಾಡಬೇಕಾದದ್ದು. ಹೋಗುವ ಮೊದಲು, ಒಂದು ಗಳಿಗೆ ಆನ್ ಆದರೂ ಸರಿ, ನಿಮ್ಮ ಫೋಟೋ, ಕಾಗದಪತ್ರಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ಬೋರ್ಡ್ ಹೋಗಿದೆ ಎಂದರೆ, ಜ್ಯಾಕಿನ ಬೀಪು ನೋಡಿದ್ರಾ ಎಂದು ಒಂದು ಪ್ರಶ್ನೆ ಕೇಳಿ. ನಿಮ್ಮದೇ ಚಾರ್ಜರು ಜೊತೆಗೆ ಒಯ್ಯಿರಿ. ಬದಲಿಸಿದ ಹಳೆಯ ಜ್ಯಾಕನ್ನು ವಾಪಸ್ ಕೇಳಿ. ದುಡ್ಡು ಕೊಡುವ ಮೊದಲು ಅಲ್ಲೇ ಅರ್ಧ ಗಂಟೆ ಲ್ಯಾಪ್‌ಟಾಪು ಚಾರ್ಜಿನಲ್ಲಿ ಓಡಲಿ. ಆಮೇಲೆ ಪಿನ್ನು ಒಳಹೋಗುವ ಜಾಗಕ್ಕೆ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಇನ್ನೊಮ್ಮೆ ಬಿಚ್ಚಲು ಹೇಳಿ.